ಮರೆಗುಳಿ ಸ್ಕ್ಯಾನರು ಮತ್ತು ದೊಡ್ಡವ್ವನ ಗಾಜು

ನನ್ನ ಕೋಣೆಯ ಕಿಟಕಿಗೆ ಒಂದು ಸೀಡಿ ತೂಗುಬಿದ್ದಿದೆ. ನಡುವಿನ ತೂತಿಗೆ ಗೋಣಿದಾರ, ಅಂಚಿನಲ್ಲಿ ತೊಳೆದರೂ ಹೋಗದ ಹಕ್ಕಿ ಹಿಕ್ಕೆಯ ಕಲೆ. ಬೆಳಗಿನ ಎಂಟರ ಬಿಸಿಲು ತಾಗಿದರೆ ಎದುರಿನ ಗೋಡೆಯ ಮೇಲೆ, ಸರಿಯಾಗಿ ಕ್ಯಾಲೆಂಡರಿನ ಪಕ್ಕ, ಒಂದು ತುಂಡು ಕಾಮನಬಿಲ್ಲು ಕುಣಿಯುತ್ತದೆ. ಮನೆಗೆ ಬಂದವರು "ಇದೇನ್ರಿ, ದೃಷ್ಟಿ ಆಗಬಾರದಂತ ಕಟ್ಟೀರೇನು?" ಎಂದು ಕೇಳುತ್ತಾರೆ. ಹೌದು ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅಲ್ಲ ಎಂದರೆ ಅವರು ಚಹ ಆರಿ ತಣ್ಣಗಾಗುವತನಕ ಕೂರಬೇಕಾಗುತ್ತದೆ. ನೀವು ಕೂತಿದ್ದೀರಿ ಎಂದುಕೊಂಡು ಹೇಳುತ್ತೇನೆ.

ಹೇಳಬೇಕೆಂದರೆ ಅಪ್ಪನಿಂದ ಶುರುಮಾಡಬೇಕು. ಅಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಕಾಯಿ ನೋಡಿ ಇದು ಎಂಥ ಮಾಲು ಎಂದು ಹೇಳುವ ಕೆಲಸದಲ್ಲಿದ್ದ. ಚೀಲದ ಬಾಯಲ್ಲಿರುವ ಕಾಯಿಯನ್ನು ಅವನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಭುಜದತನಕ ತೋಳು ಇಳಿಸಿ, ತಳದಿಂದ ಒಂದು ಹಿಡಿ ಎಳೆದು, ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ ಬೀಜದ ಸಪ್ಪಳ ಕೇಳಿ, ಆಮೇಲೆ ಮುರಿದು ಮೂಸುತ್ತಿದ್ದ. "ಮ್ಯಾಲಿನ ಕಾಯಿ ಎಲ್ಲಾರೂ ಚಂದ ಇಟ್ಟಿರ್ತಾರಪಾ, ನಾವು ತಳದಾಗ ಕೈ ಹಾಕಬೇಕು" ಎನ್ನುತ್ತಿದ್ದ. ಈ ಚಾಳಿ ಪೇಟೆಯಲ್ಲೇ ಉಳಿಯದೆ ಮನೆಗೂ ಬಂತು. ನಮ್ಮ ಮನೆಯ ಹೊಸ್ತಿಲು ದಾಟಿ ಯಾವ ಗಂಟೂ ಕಟ್ಟಿದ ಹಾಗೆಯೇ ಒಳಗೆ ಬಂದದ್ದಿಲ್ಲ. ಬೀಗರು ಕಳಿಸಿದ ಬುತ್ತಿಯಿರಲಿ, ಅಂಚೆಯಲ್ಲಿ ಬಂದ ಪೊಟ್ಟಣವಿರಲಿ, ಪಡಸಾಲೆಯಲ್ಲಿ ಕೂತು ಬಿಚ್ಚಿ, ತಳದಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೇ ಒಳಗೆ ಒಯ್ಯಬೇಕು. ಒಮ್ಮೆ ಹೀಗೆ ಬಾಯಿಗೆ ಹಾಕಿಕೊಂಡದ್ದು ನಮ್ಮ ಮಾವ ಹೊಲಕ್ಕೆಂದು ಕಳಿಸಿದ ಔಷಧ ಹಚ್ಚಿದ ಬೀಜವಾಗಿತ್ತು. ಆ ದಿನವಿಡೀ ಅವ್ವ ಅವನಿಗೆ ಮಜ್ಜಿಗೆ ಕುಡಿಸಿದಳು, ಬೈಗುಳವನ್ನೂ ಕುಡಿಸಿದಳು.

ಅಪ್ಪನಿಂದ ನನಗೆ ಬಂದ ಆಸ್ತಿ ಇದೇ. ಮುಚ್ಚಿದ್ದು ಕಂಡರೆ ನನ್ನ ಕೈ ತುರಿಸುತ್ತದೆ. ಒಂಬತ್ತನೆಯ ವಯಸ್ಸಿನಲ್ಲಿ ಮನೆಯ ಅಲಾರಂ ಗಡಿಯಾರ ಬಿಚ್ಚಿದೆ. ತಿರುಗಿ ಜೋಡಿಸಿದಾಗ ಎರಡು ಸ್ಕ್ರೂ ಉಳಿದವು, ಗಡಿಯಾರ ಮಾತ್ರ ಮೊದಲಿನಂತೆಯೇ ನಡೆಯಿತು. ಹಾವೇರಿಯ ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದ್ದೇನೆ, ತಲೆ ನರೆತಿದೆ, ಆದರೂ ಆ ಎರಡು ಸ್ಕ್ರೂಗಳು ಅಲ್ಲಿ ಏನು ಮಾಡುತ್ತಿದ್ದವು ಎಂಬ ಪ್ರಶ್ನೆ ಆಗಾಗ ಊಟದ ನಡುವೆ ನೆನಪಾಗುತ್ತದೆ.

ಇನ್ನು ಗಾಜಿನ ವಿಷಯ. ರಾಣೆಬೆನ್ನೂರಿನಲ್ಲಿ ಒಂದು ಹಳೇ ಫೋಟೋ ಸ್ಟುಡಿಯೋ ಇತ್ತು. ಅದನ್ನು ಕೆಡವುವಾಗ ಅಟ್ಟದ ಮೇಲೆ ಪೆಟ್ಟಿಗೆಗಟ್ಟಲೆ ಗಾಜಿನ ನೆಗೆಟಿವು ಸಿಕ್ಕವು. ಒಂದೊಂದಕ್ಕೂ ಒಂದೊಂದು ಲಕೋಟೆ, ಲಕೋಟೆಯ ಮೇಲೆ ಮನೆಯ ಯಜಮಾನನ ಹೆಸರು. ಒಂದರ ಮೇಲೆ ನನ್ನ ತಾಯಿಯ ಅಪ್ಪನ ಹೆಸರಿತ್ತು. ಬಸಪ್ಪ ಮಾವ ಅದೇ ಊರಿನಲ್ಲಿ ಬೀಜದ ಅಂಗಡಿ ನಡೆಸಿ ಈಗ ಮನೆಯಲ್ಲಿರುವವನು, ನನ್ನವ್ವನ ಅಣ್ಣ, ಎಂಬತ್ತೊಂದು ವಯಸ್ಸು. ಸುದ್ದಿ ಕೇಳಿ ಹೋಗಿ ಗಾಜು ಇಸಿದುಕೊಂಡು, ಎರಡು ಧೋತರದಲ್ಲಿ ಸುತ್ತಿ, ಬಸ್ಸು ಹತ್ತಿ ಬ್ಯಾಡಗಿಗೆ ತಂದ. ಅಲ್ಲಿ ಅವನ ತಂಗಿ ಗಂಗವ್ವ ಇದ್ದಾಳೆ, ನನ್ನ ದೊಡ್ಡವ್ವ. ತರುವಾಗ ಬಸ್ಸು ಎಲ್ಲಿಯೋ ಕುಪ್ಪಳಿಸಿ ಗಾಜಿನ ಒಂದು ಮೂಲೆ ಸೀಳಿತು.

ಆ ಗಾಜಿನಲ್ಲಿರುವವಳು ನನ್ನ ಅಜ್ಜಿ. ಮಕ್ಕಳಲ್ಲಿ ಕೊನೆಯವಳಾದ ನನ್ನವ್ವ ಮೂರು ತಿಂಗಳ ಕೂಸಾಗಿದ್ದಾಗ ಅಜ್ಜಿ ತೀರಿಕೊಂಡಳು. ಆಗ ಮಾವನಿಗೆ ಐದು, ದೊಡ್ಡವ್ವನಿಗೆ ಮೂರು ತುಂಬಿತ್ತೋ ಇಲ್ಲವೋ. ಗೋಡೆಗಿದ್ದ ಒಂದೇ ಫೋಟೋವನ್ನು ಗೆದ್ದಲು ತಿಂದಿತ್ತು. ಹೀಗಾಗಿ ಇಬ್ಬರಿಗೂ ತಾಯಿಯ ಮುಖ ನೆನಪಿಲ್ಲ. ನೆನಪಿರುವುದು ಒಂದೇ, ಆ ಫೋಟೋದಲ್ಲಿ ಅವಳ ತೊಡೆಯ ಮೇಲೆ ಒಂದು ಕೂಸು ಕೂತಿತ್ತು ಎಂದು ಅಜ್ಜ ಹೇಳುತ್ತಿದ್ದ ಮಾತು. ಆ ಕೂಸು ಯಾರು ಎಂಬುದೇ ಎಪ್ಪತ್ತು ವರ್ಷದ ತಂಟೆ.

"ಕುಂತಾಂವ ನಾನ. ನೀ ಇನ್ನೂ ಹುಟ್ಟೇ ಇದ್ದಿಲ್ಲ ಗಂಗವ್ವಾ," ಎನ್ನುತ್ತಾನೆ ಮಾವ.

"ನಾ ಹುಟ್ಟಿದ್ದಿಲ್ಲಂತ ನಿನಗ ಹೆಂಗ ಗೊತ್ತೋ ಯಣ್ಣಾ? ಬಲ್ಲಾಂವನಂಗ ಮಾತಾಡ್ತಿ. ನಾ ಕುಂತಿದ್ದೆ. ನೀ ಹೊರಗ ಕಟ್ಟಿಮ್ಯಾಲ ಹೊಯ್ಕೋಂತ ಕುಂತಿದ್ದಿ. ಅಪ್ಪ ಹೇಳ್ಯಾನ."

"ಅಪ್ಪ ನನಗೂ ಹೇಳ್ಯಾನ."

"ಏನಂತ?"

"ಕುಂತಾಂವ ನೀನಪಾ, ಅಂತ."

ನನ್ನ ಅಜ್ಜ ಒಳ್ಳೆಯ ಮನುಷ್ಯ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಗಾಜನ್ನು ಬೆಳಕಿಗೆ ಹಿಡಿದರೆ ಎಲ್ಲವೂ ತಿರುಗುಮುರುಗು. ಸೀರೆ ಬೆಳ್ಳಗೋ ಕಪ್ಪಗೋ ತಿಳಿಯದು, ಮುಖ ಇದ್ದಿಲು, ಕೂದಲು ಹತ್ತಿ. "ನೋಡೋ ತಮ್ಮಾ, ಅವ್ವ ಮುದುಕಿ ಆಗಿ ಕುಂತಾಳ," ಎಂದಳು ದೊಡ್ಡವ್ವ. ನಾನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದು, ಕಪ್ಪನ್ನು ಬಿಳಿಗೆ ತಿರುಗಿಸಿ ನೋಡಿದೆ. ಅಜ್ಜಿಯ ಮುಖದ ಮೇಲೆ ಕಿಟಕಿಯ ಸರಳು ಬಂದವು, ಕೂಸಿದ್ದ ಜಾಗದಲ್ಲಿ ಬೆಲ್ಲದ ಚೂರಿನಷ್ಟು ಮಸುಕು. ಅದರಲ್ಲಿ ಮಾವನಿಗೆ ಮಾವ ಕಂಡ, ದೊಡ್ಡವ್ವನಿಗೆ ದೊಡ್ಡವ್ವ ಕಂಡಳು.

ಇಷ್ಟರಲ್ಲೇ ನಗುತ್ತ ಮುಗಿಸಬಹುದಿತ್ತು. ಆದರೆ ದೊಡ್ಡವ್ವನ ಕಣ್ಣು. ಎರಡು ವರ್ಷದಿಂದ ಅವಳ ನೋಟ ಸುತ್ತಲಿನಿಂದ ಮುಚ್ಚುತ್ತ ಬರುತ್ತಿದೆ. ನಡುವೆ ಒಂದು ಬಿಲ್ಲೆಯಷ್ಟು ಉಳಿದಿದೆ, ಅದಕ್ಕೂ ಮಂಜು ಕವಿದಿದೆ. ಮುಂದಿನ ಯುಗಾದಿಗೆ ಎಷ್ಟು ಉಳಿಯುತ್ತದೆ ಎಂದು ಹೇಳಲಾರೆ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಹೊರಗೆ ಕರೆದದ್ದು ವ್ಯರ್ಥ. ಅವಳ ಕಿವಿ ನನ್ನ ಕಿವಿಗಿಂತ ಚುರುಕು. ಬಸ್ಸಿನಲ್ಲಿ ಬರುವಾಗ ಅಂದಳು: "ತಮ್ಮಾ, ದೀಪ ಆರೂದ್ರೊಳಗ ಅವ್ವನ್ನ ಒಮ್ಮಿ ನೋಡಬೇಕಲ್ಲೋ."

ಹುಬ್ಬಳ್ಳಿಗೆ ಒಯ್ದು ಪ್ರಿಂಟು ಹಾಕಿಸುತ್ತೇನೆ ಎಂದೆ. ಕೊಡಲಿಲ್ಲ. "ಒಂದ ಸಲ ಬಸ್ಸಿನ್ಯಾಗ ಬಂದು ಮೂಲಿ ಒಡಕೊಂಡಾಳ. ಇನ್ನೊಮ್ಮಿ ಹೊರಗ ಕಳಿಸಂಗಿಲ್ಲ. ಯಾವ ಮಷೀನ ಬೇಕೋ ಅದನ್ನ ಇಲ್ಲಿಗೆ ಹೊತ್ಕೊಂಡು ಬಾ."

ಮಷೀನು ನನ್ನ ಅಟ್ಟದ ಮೇಲೇ ಇತ್ತು. ಗುತ್ತಲದ ಈರಣ್ಣ ಹಾವೇರಿಯಲ್ಲಿ ಬಹಳ ವರ್ಷ ಲಗ್ನಪತ್ರಿಕೆ ಛಾಪಿಸುವ ಅಂಗಡಿ ಇಟ್ಟಿದ್ದ. ಅದನ್ನು ಮುಚ್ಚಿ ಹೊಲ ಮಾಡಲು ಹೋಗುವಾಗ ತನ್ನ ಸ್ಕ್ಯಾನರನ್ನು ನನಗೆ ಕೊಟ್ಟು ಹೋಗಿದ್ದ. ಅದರ ಮುಚ್ಚಳದೊಳಗೂ ಒಂದು ದೀಪವಿದೆ. ಕೆಳಗೆ ಗಾಜಿಟ್ಟರೆ ಮೇಲಿನಿಂದ ಬೆಳಕು ಹಾಯಿಸಿ ಕೂದಲೆಳೆ ಕೂದಲೆಳೆಯಾಗಿ ಓದುತ್ತದೆ. ಧೂಳು ಜಾಡಿಸಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಕಮಕ್ ಕಿಮಕ್ ಎನ್ನಲಿಲ್ಲ.

ನನ್ನ ಲ್ಯಾಪ್‌ಟಾಪು ಕೂಡ ಮುದಿಯೇ. ಕುಂಟತೊಡಗಿದಾಗ ಅದಕ್ಕೆ ಲಿನಕ್ಸ್ ಹಾಕಿಕೊಟ್ಟವರು ನಜ್ಮಾ ಮೇಡಂ. ನಮ್ಮ ಓಣಿಯ ತುದಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾರೆ. ಯಾರು ಬೇಕಾದರೂ ಒಳಗನ್ನು ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ, ಕಂಪ್ಯೂಟರ್ ನಡೆಸುವ ವ್ಯವಸ್ಥೆ ಇದು ಎಂದು ಅವರು ಹೇಳಿದ ದಿನವೇ ನನಗೆ ಅಪ್ಪನ ತೋಳು ನೆನಪಾಗಿತ್ತು. ಸ್ಕ್ಯಾನರನ್ನು ಹೊತ್ತು ಅವರ ಬಳಿಗೇ ಹೋದೆ.

ಅವರು ಏನನ್ನೋ ಟೈಪು ಮಾಡಿದರು, ಪರದೆ ಓದಿದರು. "ಸರ್, ಇದು ಸತ್ತಿಲ್ರಿ. ಖರೇ ಅಂದ್ರ, ಇನ್ನೂ ಎದ್ದಿಲ್ಲ."

"ಅಂದ್ರ?"

"ಇದರ ಹೊಟ್ಟ್ಯಾಗೊಂದು ಸಣ್ಣ ಕಂಪ್ಯೂಟರ್ ಐತ್ರಿ. ದೀಪ ಯಾವಾಗ ಹಚ್ಚಬೇಕು, ಎಷ್ಟೆಷ್ಟು ಮುಂದ ಸರೀಬೇಕು, ಕಂಡದ್ದನ್ನ ಹೆಂಗ ಹೇಳಿ ಕಳಿಸಬೇಕು, ಇದಕ್ಕೆಲ್ಲಾ ಅದಕ್ಕೊಂದು ಪಾಠ ಬೇಕು. ಆ ಪಾಠಕ್ಕ ಫರ್ಮ್‌ವೇರ್ ಅಂತಾರ. ಅದು ಇಲ್ಲ ಇಲ್ಲೆ."

"ಪಾಠ ಹೇಳಿಕೊಡದನ ಕಂಪನಿಯವರು ಮಾರಿದ್ರೇನು?"

"ಕೆಲವಕ್ಕ ಒಳಗಿನ ಚಿಪ್ಪಿನ್ಯಾಗನ ಬರದು ಕಳಿಸಿರ್ತಾರ್ರಿ. ನಿಮ್ಮ ಮನಿ ವಾಷಿಂಗ್ ಮಷೀನ್ ಹಂಗ. ವಾಯರ್ ಕಿತ್ತರೂ ಮರಿಯಂಗಿಲ್ಲ. ಇದನ್ನ ಸೋವಿ ಮಾಡಾಕ, ಕಡಿಮಿ ರೊಕ್ಕಕ್ಕ ಮಾರಾಕ, ಆ ಚಿಪ್ಪ ಹಾಕಿಲ್ಲ. ಇದಕ್ಕ ತನ್ನ ಹೆಸರು, ತನ್ನ ಕಂಪನಿ ನಂಬರು, ಇಷ್ಟ ನೆನಪು. ಉಳಿದದ್ದನ್ನ ಚಾಲೂ ಮಾಡಿದಾಗೊಮ್ಮೆ ಕಂಪ್ಯೂಟರ್ ಹೇಳಿಕೊಡಬೇಕು."

"ದಿನಾ?"

"ದಿನಾ. ಕರೆಂಟ್ ಹೋಗಿ ಬಂದ್ರ ಮತ್ತೊಮ್ಮಿ."

ನನಗೆ ಆ ಡಬ್ಬಿಯ ಮೇಲೆ ಒಮ್ಮೆಲೇ ಅಕ್ಕರೆ ಹುಟ್ಟಿತು. ಪ್ರತಿ ಮುಂಜಾನೆ ತನ್ನ ಹೆಸರು ಮತ್ತು ಮನೆತನ ಇವೆರಡನ್ನೇ ನೆನಪಿಟ್ಟುಕೊಂಡು ಏಳುವುದು, ತಾನು ಮಾಡಬೇಕಾದ ಕೆಲಸವೇನೆಂದು ಪಕ್ಕದವರನ್ನು ಕೇಳುವುದು! ನಮ್ಮ ಕಚೇರಿಯಲ್ಲಿ ಅಂಥ ಒಬ್ಬಿಬ್ಬರು ಇದ್ದರು. ಅವರ ವಿಷಯ ಬೇಡ.

"ಅಲ್ರಿ ಮೇಡಂ, ಈ ಪಾಠ ಲಿನಕ್ಸಿನವರ ಹತ್ರ ಇರಂಗಿಲ್ಲೇನು?"

ಆಗ ಅವರು ಲಿನಕ್ಸಿನೊಳಗಿನ ಒಂದು ಕೋಣೆ ತೆರೆದು ತೋರಿಸಿದರು. ಪರದೆಯ ಮೇಲೆ ಸಾಲುಸಾಲು ಕಡತಗಳು. ವೈಫೈ ಚಿಪ್ಪಿನ ಪಾಠ, ಬ್ಲೂಟೂತಿನದು, ಚಿತ್ರ ತೋರಿಸುವ ಕಾರ್ಡಿನದು. ನಾನು ಕಂಡೂ ಕೇಳೂ ಅರಿಯದ ಯಂತ್ರಗಳ ಪಾಠಗಳೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಬಾಡಿಗೆ ಕೊಡದೆ ವಾಸವಾಗಿವೆ. ಯಂತ್ರ ಎದ್ದು ತನ್ನ ಹೆಸರು ಹೇಳಿದ ಕೂಡಲೇ ವ್ಯವಸ್ಥೆ ಈ ಕೋಣೆಗೆ ಬಂದು ಆ ಹೆಸರಿನ ಕಡತ ಹುಡುಕಿ ಅದರ ಕಿವಿಗೆ ಸುರಿಯುತ್ತದೆ. ಒಂದೊಂದು ಪಾಠಕ್ಕೂ ಇದನ್ನು ಹಂಚಬಹುದು ಎಂದು ಕಂಪನಿ ಬರೆದುಕೊಟ್ಟ ಒಪ್ಪಿಗೆಯಿದೆ. ನನ್ನ ಸ್ಕ್ಯಾನರಿನ ಕಂಪನಿ ಹೂಂ ಎಂದೂ ಹೇಳಲಿಲ್ಲ, ಊಹೂಂ ಎಂದೂ ಹೇಳಲಿಲ್ಲವಂತೆ. ಕಂಪ್ಯೂಟರು ಮತ್ತು ಸ್ಕ್ಯಾನರಿನ ನಡುವೆ ವಾಯರಿನಲ್ಲಿ ಹಾಯುವ ಮಾತನ್ನು ಕೂತು ಕೇಳಿ ಕೇಳಿ, ಎಲ್ಲಿಯವರೋ ಪುಣ್ಯಾತ್ಮರು ಇದನ್ನು ನಡೆಸುವ ರೀತಿಯನ್ನು ಬರೆದಿಟ್ಟಿದ್ದಾರೆ. ಆದರೆ ಪಾಠ ಮಾತ್ರ ಕಂಪನಿಯ ಸೊತ್ತು. "ನಿಮ್ಮ ಸ್ಕ್ಯಾನರಿನ ಜೋಡಿ ಬಂದ ಸೀಡಿಯಿಂದ ಅದನ್ನು ತೆಗೆದು ಇಂಥ ಜಾಗದಲ್ಲಿ ಇಡಿರಿ" ಎಂದಷ್ಟೇ ಸೂಚನೆ.

"ಈ ಕೋಣ್ಯಾಗಿನ ಪಾಠ ಬಿಚ್ಚಿ ಓದಬಹುದೇನು? ಇದು ಬಿಚ್ಚಿದ ವ್ಯವಸ್ಥಾ ಅಂದ್ರಲ್ಲ."

"ಇಲ್ರಿ ಸರ್. ಇವು ಬಹಳಷ್ಟು ಮುಚ್ಚಿದ ಗಂಟು. ಒಳಗೇನೈತಿ ಬರದಾವರಿಗಷ್ಟ ಗೊತ್ತು. ಅದಕ್ಕ ಇಂಥಾವು ನಮಗ ಬ್ಯಾಡ ಅನ್ನೋ ಮಂದೀನೂ ಅದಾರ. ವೈಫೈ ನಡೀದಿದ್ರ ಬಿಡಲಿ, ಓದಲಾರದ್ದನ್ನ ಮನಿಯೊಳಗ ತರಂಗಿಲ್ಲ ಅಂತಾರ. ಇನ್ನ ಕೆಲವರು, ಕೆಲಸ ಆಗಬೇಕಲ್ರೀ, ಅಂತಾರ."

ನಗು ಬಂತು. ಈ ಜಗಳ ನನ್ನ ಮನೆಯಲ್ಲಿ ಐವತ್ತು ವರ್ಷ ಹಿಂದೆಯೇ ಆಗಿತ್ತು, ಇಂಗಿನ ಡಬ್ಬಿಯ ಮೇಲೆ. ಅಂಗಡಿಯ ಇಂಗಿನಲ್ಲಿ ಏನು ಬೆರೆಸಿರುತ್ತಾರೋ ಎಂದು ಅಪ್ಪ ಒಳಗೆ ತರಗೊಡಲಿಲ್ಲ. ಅವ್ವ ಅದನ್ನು ಅರಿಷಿಣದ ಡಬ್ಬಿಯ ಹಿಂದೆ ಬಚ್ಚಿಟ್ಟು ವರ್ಷಗಟ್ಟಲೆ ಒಗ್ಗರಣೆ ಹಾಕಿದಳು. ಅಪ್ಪ ಸಾರು ಸುರಿದು ಸುರಿದು ಉಂಡ. ಇಬ್ಬರೂ ತಮ್ಮ ತಮ್ಮ ಮಾತಿಗೆ ತಪ್ಪಲಿಲ್ಲ.

ಈಗ ಸೀಡಿ ಹುಡುಕಬೇಕು. ಗುತ್ತಲದ ಬಸ್ಸು ಹತ್ತಿದೆ. ಈರಣ್ಣ ತಲೆಗೆ ಟವೆಲ್ ಸುತ್ತಿಕೊಂಡು ಬಂದವನು, "ಸೀಡಿಗಳೆಲ್ಲಾ ಹೊಲದಾಗ ಅದಾವ ಮಾರಾಯಾ," ಎಂದ.

ಖರೇನೇ ಇದ್ದವು. ಜೋಳದ ತೆನೆಗಳ ಮೇಲೆ ಗೂಟದಿಂದ ಗೂಟಕ್ಕೆ ದಾರ ಕಟ್ಟಿ, ಇಪ್ಪತ್ತು ವರ್ಷದ ಅಂಗಡಿಯನ್ನೆಲ್ಲ ತೋರಣ ಮಾಡಿದ್ದ. ಗಾಳಿ ಬೀಸಿದರೆ ಹೊಲವೆಲ್ಲ ಮಿಣಮಿಣ. ನಾವಿಬ್ಬರೂ ಕತ್ತೆತ್ತಿಕೊಂಡು ಸಾಲು ಹಿಡಿದು ಓದುತ್ತ ನಡೆದೆವು. ಲಗ್ನಪತ್ರಿಕೆ ಮೂರು, ಕನ್ನಡ ಅಕ್ಷರ, ಗೃಹಪ್ರವೇಶ, ಯಾವುದೋ ಭಜನೆ. ಆಚೆ ಮೂರು ಗಿಳಿ ದಾರದ ಮೇಲೆ ಕೂತಿದ್ದವು.

"ಗಿಳಿ ಅಂಜತಾವೇನೋ ಈರಣ್ಣಾ?"

"ಮೊದಲನೇ ದಿನ ಅಂಜಿದ್ವು. ಈಗ ಮುಖ ನೋಡ್ಕೊಂಡು ತಿಂತಾವ."

ಹನ್ನೊಂದನೆಯ ಸಾಲಿನಲ್ಲಿ ಸಿಕ್ಕಿತು. ಬಿಸಿಲಿಗೆ ಬಣ್ಣ ಹೋಗಿ ಸ್ಕ್ಯಾನರಿನ ನಂಬರು ಮಾತ್ರ ಮಸುಕಾಗಿ ಕಾಣುತ್ತಿತ್ತು. ಬಿಚ್ಚಿಕೊಂಡು ಹೊರಟರೆ ಈರಣ್ಣ ಕೂಗಿದ: "ಅದರ ಬದ್ಲಿ ಒಂದು ಕಳಿಸು ಮತ್ತ! ಸಾಲು ಬೋಳ ಕಾಣ್ತೈತಿ."

ನಜ್ಮಾ ಮೇಡಂ ಅದನ್ನು ಸಾಬೂನು ನೀರಿನಲ್ಲಿ ತೊಳೆದು, ಮೆತ್ತನ್ನ ಅರಿವೆಯಿಂದ ನಡುವಿನಿಂದ ಅಂಚಿಗೆ ಒರೆಸಿ, ಕ್ಲಾಸಿನ ಹಳೇ ಕಂಪ್ಯೂಟರಿಗೆ ಹಾಕಿದರು. ಎರಡು ಸಲ ಹೊರಗೆ ಉಗುಳಿತು. ಮೂರನೆಯ ಸಲ ಗುರ್ ಎಂದು ಹಿಡಿಯಿತು. ಗಂಟಿನೊಳಗೆ ಗಂಟು, ಅದರೊಳಗೆ ಇನ್ನೊಂದು ಗಂಟು, ಕೊನೆಗೆ ಒಂದು ಪುಟ್ಟ ಕಡತ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋದ ಹತ್ತರಲ್ಲೊಂದು ಪಾಲೂ ಇರಲಿಲ್ಲ. ಇಷ್ಟು ದೊಡ್ಡ ಮೈಯಿನ ಬುದ್ಧಿಯೆಲ್ಲ ಇಷ್ಟೇ! ಅದನ್ನು ನನ್ನ ಲ್ಯಾಪ್‌ಟಾಪಿನ ಹೇಳಿದ ಜಾಗದಲ್ಲಿ ಇಟ್ಟುಕೊಟ್ಟರು. ಸೀಡಿ ನನ್ನ ಹತ್ತಿರವೇ ಉಳಿಯಿತು, ಈಗ ಕಿಟಕಿಗೆ ತೂಗುವುದು ಅದೇ. "ನಾಳೆ ಬ್ಯಾಡಗಿಗೆ ಒಯ್ರಿ ಸರ್. ಚಾಲೂ ಮಾಡಿದ್ರಾತು, ತಾನ ಏಳ್ತೈತಿ."

ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಮ್ಮಪ್ಪನ ಮಗನೇ ಅಲ್ಲ. ಮನೆಗೆ ಬಂದು ಪಡಸಾಲೆಯಲ್ಲಿ ಕೂತೆ. ಒಂದು ಸಲ ಬಿಚ್ಚಿ ನೋಡಿದರೇನು? ಪತ್ರ ಬರೆಯಲು ಬಳಸುವ ತಂತ್ರಾಂಶದಲ್ಲಿಯೇ ಅದನ್ನು ತೆರೆದೆ. ಬೀಗದ ಜಾಗ ಅದು, ಪಾಸ್‌ವರ್ಡು ಕೇಳಿತು. ಕೊಟ್ಟೆ. ಪರದೆ ತುಂಬ ಚೌಕ, ಚುಕ್ಕೆ, ಪ್ರಶ್ನೆಚಿಹ್ನೆ, ಬಾಲವಿರುವ ಅಕ್ಷರ. ಹರವಿದ ಕಾಯಿಯಲ್ಲಿ ಕಲ್ಲು ಹುಡುಕುವಂತೆ ಇಳಿಯುತ್ತ ಹೋದೆ. ಒಂದು ಕಡೆ ಮಾತ್ರ ಕಂಪನಿಯ ಹೆಸರು ನೆಟ್ಟಗೆ ಓದಲು ಬಂತು. ಸಂತೆಯಲ್ಲಿ ಗುರುತಿನ ಮುಖ ಕಂಡಷ್ಟು ಸಂತೋಷವಾಯಿತು. ಅದರ ಮುಂದೆ ಮತ್ತೆ ಕತ್ತಲು. ಮುಚ್ಚುವ ಮೊದಲು, ಮೂವತ್ತು ವರ್ಷ ಕಚೇರಿಯಲ್ಲಿ ಮಾಡಿದಂತೆ, ಉಳಿಸು ಎಂದು ಒತ್ತಿದೆ. ತಂತ್ರಾಂಶ ಏನೋ ಎಚ್ಚರಿಕೆ ಹೇಳಿತು. ಅಂಥ ಎಚ್ಚರಿಕೆಗಳನ್ನು ಓದದೆ ಹೌದು ಎಂದು ಒತ್ತುವುದರಲ್ಲಿ ನಾನು ಪಳಗಿದವನು.

ಮರುದಿನ ಬ್ಯಾಡಗಿ. ಬಸ್ಸಿಳಿಯುವಾಗಲೇ ಗಾಳಿಯಲ್ಲಿ ಕಾಯಿಯ ಘಾಟು, ಎರಡು ಸೀನು. ಮಾವ ನನಗಿಂತ ಮೊದಲೇ ರಾಣೆಬೆನ್ನೂರಿನಿಂದ ಬಂದು, ಕೋರ್ಟಿಗೆ ಬಂದವರ ಹಾಗೆ ಇಸ್ತ್ರಿಯ ಅಂಗಿ ಹಾಕಿಕೊಂಡು ಕೂತಿದ್ದ. ದೊಡ್ಡವ್ವ ಎಡಗೈಯಿಂದ ಗೋಡೆ ಸವರುತ್ತ ಒಳಗಿನಿಂದ ಗಾಜು ತಂದಳು. ನಾನು ಸ್ಕ್ಯಾನರನ್ನು ಮೇಜಿನ ಮೇಲಿಟ್ಟು, ಗಾಜನ್ನು ಮಲಗಿಸಿ, ಮುಚ್ಚಳ ಹಾಕಿ ಚಾಲೂ ಮಾಡಿದೆ.

ಒಳಗಿನ ಗಾಡಿ ಅರ್ಧ ಬೆರಳು ಸರಿದು, ಕರ್ರ್ ಎಂದು ನರಳಿ, ನಿಂತುಬಿಟ್ಟಿತು. ದೀಪವೂ ಇಲ್ಲ.

"ಏನೋ ತಮ್ಮಾ, ಹೊಟ್ಟಿ ನೂಸಾಕತ್ತೈತೇನೋ ಅದಕ್ಕ?" ಎಂದಳು ದೊಡ್ಡವ್ವ.

"ಅದಕ್ಕೂ ಗೊತ್ತಾಗೈತಿ, ಫೋಟೋದಾಗ ನೀ ಇಲ್ಲಂತ," ಎಂದ ಮಾವ.

ನಜ್ಮಾ ಮೇಡಂಗೆ ಫೋನು ಹಚ್ಚಿ ಸಪ್ಪಳ ಕೇಳಿಸಿದೆ. ಅವರು ಕಡತದ ಅಳತೆ ಎಷ್ಟಿದೆ ಓದಿರಿ ಎಂದರು. ಓದಿದೆ.

"ಸರ್, ಬಿಚ್ಚಿ ನೋಡಿದ್ರೇನ್ರಿ?"

"ಒಂದ ಸ್ವಲ್ಪ."

"ನೋಡಿ ಸೇವ್ ಮಾಡಿದ್ರಿ. ಅದಕ್ಕ ಅಳತಿ ಬದಲಾಗಿ ಪಾಠ ಕೆಟ್ಟೈತಿ."

ಸುಳ್ಳು ಹೇಳುವ ವಯಸ್ಸಲ್ಲ. "ಸ್ಕ್ಯಾನರ್ ಕೆಟ್ಟಿತೇನ್ರಿ ಮೇಡಂ?" ಎಂದು ಪಿಸುಗುಟ್ಟಿದೆ. ದೊಡ್ಡವ್ವನ ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು. ಅವಳ ಕಿವಿಯ ವಿಷಯ ಆಗಲೇ ಹೇ‍ಳಿದ್ದೇನೆ.

"ಆ ಪಾಠ ಒಳಗ ಕಾಯಂ ಬರದದ್ದಾಗಿದ್ರ ಇಷ್ಟೊತ್ತಿಗೆ ಮಷೀನ್ ಹೋಗಿರ್ತಿತ್ರಿ. ನಿಮ್ಮ ಪುಣ್ಯಾ, ಇದು ಮರೀತೈತಿ. ವಾಯರ್ ಕೀಳ್ರಿ. ನೀವು ಹೇಳಿದ ತಪ್ಪು ಪಾಠಾನೂ ಮರತ ಹೋಗ್ತೈತಿ. ಒಳ್ಳೇ ಪ್ರತಿ ನನ್ನ ಹತ್ರ ಐತಿ, ಫೋನಿಗೆ ಕಳಸ್ತೇನಿ. ಮತ್ತ ಸರ್..."

"ಹೇಳ್ರಿ."

"ಇದನ್ನ ಬಿಚ್ಚಬ್ಯಾಡ್ರಿ."

ವಾಯರು ಕಿತ್ತೆ. ಫೋನಿಗೆ ಬಂದ ಕಡತವನ್ನು ಲ್ಯಾಪ್‌ಟಾಪಿಗೆ ಹಾಕಿ, ಹಳೆಯದರ ಜಾಗದಲ್ಲಿ, ಕಣ್ಣು ಮುಚ್ಚಿ ಎನ್ನುವಷ್ಟು ಎಚ್ಚರದಿಂದ ಇಟ್ಟೆ. ಮತ್ತೆ ವಾಯರು ಚುಚ್ಚಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಳಗೆ ಯಾರೋ ಮೈಮುರಿದು ಎದ್ದಂತೆ ಸಪ್ಪಳವಾಗಿ, ಮುಚ್ಚಳದ ಸಂದಿಯಿಂದ ಬಿಳಿ ಬೆಳಕು ಹೊರಬಂತು.

"ಎದ್ದಿತಾ?" ಎಂದಳು ದೊಡ್ಡವ್ವ.

"ಎದ್ದಿತು."

ಚಿತ್ರ ಮೇಲಿನಿಂದ ಎಳೆಎಳೆಯಾಗಿ ಇಳಿಯತೊಡಗಿತು. ಮೊದಲು ಸ್ಟುಡಿಯೋದ ಬಣ್ಣದ ಪರದೆ, ಅದರ ಮೇಲೊಂದು ಸುಳ್ಳು ಗಿಡ. ಆಮೇಲೆ ಸೆರಗು. ಸೆರಗಿನೊಳಗೆ ಎಣ್ಣೆ ಹಚ್ಚಿ ಬಾಚಿದ ಕೂದಲು, ಕಪ್ಪು, ಅಚ್ಚ ಕಪ್ಪು. ಹಣೆ, ಕುಂಕುಮ, ಕ್ಯಾಮೆರಾಕ್ಕೆ ಹೆದರಿ ಅರಳಿದ ಎರಡು ಕಣ್ಣು, ಮೂಗುತಿ, ನಗಬೇಕೋ ಬೇಡವೋ ತಿಳಿಯದ ಬಾಯಿ. ದೊಡ್ಡವ್ವ ಕುರ್ಚಿ ಬಿಟ್ಟು ಎದ್ದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಆ ಬಿಲ್ಲೆಯಷ್ಟು ನೋಟವನ್ನು ಹಣೆಯಿಂದ ಗದ್ದದತನಕ ನಿಧಾನವಾಗಿ ಇಳಿಸಿದಳು. ಮತ್ತೆ ಮೇಲಿನಿಂದ. ಅವಳ ಉಸಿರಿಗೆ ಪರದೆ ಮಸುಕಾಗುತ್ತಿತ್ತು, ಸೆರಗಿನಿಂದ ಒರೆಸುತ್ತಿದ್ದಳು.

"ಏ ಯಣ್ಣಾ," ಎಂದಳು, "ಅವ್ವ ಎಷ್ಟ ಸಣ್ಣ ಹುಡುಗ್ಯೋ! ನನ್ನ ಮೊಮ್ಮಗಳಿಗಿಂತ ಸಣ್ಣಾಕಿ ಅದಾಳಲ್ಲೋ."

ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳುವುದನ್ನು ಮರೆತ.

ಚಿತ್ರ ಅಜ್ಜಿಯ ಕೊರಳಿಗೆ ಇಳಿದಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು.

ಲ್ಯಾಪ್‌ಟಾಪಿನ ಬ್ಯಾಟರಿಯಿಂದ ಅಷ್ಟು ಚಿತ್ರ ಪರದೆಯ ಮೇಲೆ ಉಳಿಯಿತು. ಸ್ಕ್ಯಾನರು ಮಾತ್ರ ಕತ್ತಲಾಗಿ ಕೂತಿತು. ಅದು ಈಗ ಎಲ್ಲವನ್ನೂ ಮರೆತಿದೆ, ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ ಪಾಠ ಹೇಳಬೇಕು ಎಂದೆ. "ಪಾಪ," ಎಂದು ದೊಡ್ಡವ್ವ ಅದರ ಮುಚ್ಚಳದ ಮೇಲೆ ಕೈಯಿಟ್ಟಳು, ಜ್ವರ ಬಂದ ಕೂಸಿನ ಹಣೆ ಮುಟ್ಟುವ ಹಾಗೆ. "ಈಗ ನೋಡಿದ್ದು ಈಗ ಮರಿಯೂದಂದ್ರ." ದೊಡ್ಡವ್ವನ ಸೊಸೆ ಚಹ ತಂದಳು. ಮುಕ್ಕಾಲು ತಾಸು ಮೂವರೂ ಅರ್ಧ ಅಜ್ಜಿಯ ಎದುರು ಕೂತೆವು. ಎಪ್ಪತ್ತು ವರ್ಷದ ತಂಟೆಯ ಮಾತನ್ನು ಯಾರೂ ಎತ್ತಲಿಲ್ಲ.

ಕರೆಂಟು ಬಂತು. ಲ್ಯಾಪ್‌ಟಾಪು ಪಾಠ ಹೇಳಿತು, ಸ್ಕ್ಯಾನರು ಮತ್ತೆ ಹೊಸದಾಗಿ ಎದ್ದಿತು, ಪರದೆ, ಗಿಡ, ಸೆರಗು, ಮುಖ, ಕೊರಳು. ನಂತರ ತೊಡೆ. ತೊಡೆಯ ಮೇಲೆ ಕೂಸು.

ಕೂಸು ಅಲುಗಾಡಿಬಿಟ್ಟಿತ್ತು. ಹಿಂದಿನ ಕಾಲದ ಕ್ಯಾಮೆರಾ, ಉಸಿರು ಬಿಗಿಹಿಡಿದು ಕೂರಬೇಕಿತ್ತೋ ಏನೋ. ಅಜ್ಜಿ ಕೂತಿದ್ದಾಳೆ, ಕೂಸು ಕೂತಿಲ್ಲ. ಮುಖವಿರಬೇಕಾದಲ್ಲಿ ಹಾಲು ಚೆಲ್ಲಿದಂತೆ ಒಂದು ಬಿಳಿ ಮೋಡ. ನೆಟ್ಟಗೆ ಕಾಣುವುದು ಎರಡೇ: ಅಜ್ಜಿಯ ಹೆಬ್ಬೆರಳನ್ನು ಹಿಡಿದ ಒಂದು ಮುಷ್ಟಿ, ಸೀರೆಯ ನೆರಿಗೆಯ ಮೇಲೆ ಎರಡು ಅಂಗಾಲು.

ನಾನು ಬಿಡಲಿಲ್ಲ. ಆ ಮೋಡವನ್ನು ಹಿಗ್ಗಿಸಿದೆ, ಇನ್ನೂ ಹಿಗ್ಗಿಸಿದೆ. ಬರೀ ಕಾಳುಕಾಳು, ಬೂದು ಕಾಳು. ಅಪ್ಪನ ತೋಳಿಗೂ ಸಿಗದ ತಳ ಅದು.

ಮಾವ ಬಾಗಿ ಬಹಳ ಹೊತ್ತು ನೋಡಿದ. ಪಕ್ಕದಲ್ಲಿ ತಂಗಿ ಪರದೆಗೆ ಮುಖ ಹಚ್ಚಿ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಆ ಅಂಗಾಲುಗಳನ್ನು ಹುಡುಕುತ್ತಿದ್ದಳು.

"ನೀನ ಗಂಗವ್ವಾ. ಆ ಕಾಲು ನಿನ್ನವ."

ದೊಡ್ಡವ್ವ ಗಕ್ಕನೆ ತಿರುಗಿದಳು. "ಎಪ್ಪತ್ತ ವರ್ಷ ಹಟಾ ಹಿಡದಾಂವ ಈಗ ಒಪ್ಪಾಕತ್ತೀಯೇನು? ನನ್ನ ಕಣ್ಣ ಹೋಗ್ತಾವಂತ ಧರ್ಮಕ್ಕ ಕೊಡಾಕತ್ತೀಯೇನೋ?"

"ಧರ್ಮ ಎಲ್ಲೀದು? ನೋಡಿ ಹೇಳಾಕತ್ತೇನಿ. ನಿನ್ನವ."

"ನನ್ನವಲ್ಲ. ಕಾಲಿನ ಹೆಬ್ಬೆರಳ ನೋಡು, ಹೊರಗ ತಿರಗೈತಿ. ನಿನ್ನ ಹೆಬ್ಬೆರಳ ಹಂಗ ಐತಿ. ನೀನ ಕುಂತಾಂವ."

"ನಾನಲ್ಲಂತೀನಿ."

"ನೀನ ಅಂತೀನಿ. ತಮ್ಮಾ, ಹೇಳೋ ಇವಗ!"

ಹೇಳಲು ನನಗೇನು ಗೊತ್ತು? ಇಬ್ಬರೂ ಹೊಸ ತಂಟೆಯನ್ನು ಹಳೆಯದರಷ್ಟೇ ಹುರುಪಿನಿಂದ ಹಿಡಿದುಕೊಂಡರು. ನಾನು ಚಿತ್ರವನ್ನು ಉಳಿಸಿದೆ, ಈ ಸಲ ಎಚ್ಚರಿಕೆಯನ್ನು ಪೂರ್ತಿ ಓದಿ. ಗಾಜನ್ನು ತೆಗೆದು ಲಕೋಟೆಗೆ ಹಾಕಿದೆ. ಹಾವೇರಿಯ ಬಸ್ಸಿಗೆ ಹೊತ್ತಾಗುತ್ತ ಬಂದಿತ್ತು. ಸ್ಕ್ಯಾನರಿನ ವಾಯರಿಗೆ ಕೈ ಹಾಕಿದೆ. ದೊಡ್ಡವ್ವ ಸಪ್ಪಳದಿಂದಲೇ ತಿಳಿದುಕೊಂಡು, ಮಾವನ ಮಾತನ್ನು ನಡುವೆ ತಡೆದು, ನನ್ನ ಕೈ ಹುಡುಕಿ ಹಿಡಿದಳು.

"ಕಿತ್ತರ ಅದು ಅವ್ವನ್ನ ಮರೀತೈತೇನೋ?"

"ಹೂಂ ದೊಡ್ಡವ್ವಾ. ಎಲ್ಲಾ ಮರೀತೈತಿ. ಫೋಟೋ ಕಂಪ್ಯೂಟರಿನ್ಯಾಗ ಐತಿ, ಅದು ಹೋಗಂಗಿಲ್ಲ."

"ಗೊತ್ತೈತೋ. ಆದ್ರೂ ಒಂದ ಗಳಿಗಿ ತಡಿ," ಎಂದಳು. "ಈಗಷ್ಟ ಅವ್ವನ್ನ ನೋಡೈತಿ ಅದು."